ಡಿಎನ್‌ಎ ಬೆರಳಚ್ಚು

ಡಿಎನ್‌ಎ ಬೆರಳಚ್ಚು ಎಂಬುದು ಜೀವಕೋಶಗಳಲ್ಲಿರುವ ಡಿಎನ್‌ಎ ಅಣುವಿನ ಕೆಲವು ನಿರ್ದಿಷ್ಟ ಭಾಗಗಳನ್ನು ಪರಿಶೀಲಿಸಿ, ಎರಡು ಮಾದರಿಗಳು ಒಬ್ಬನೇ ವ್ಯಕ್ತಿಯವೇ ಅಥವಾ ರಕ್ತಸಂಬಂಧಿಗಳವೇ ಎಂಬುದನ್ನು ನಿರ್ಣಯಿಸುವ ವಿಧಾನ. ಹೆಸರಿನಲ್ಲಿ ‘ಬೆರಳಚ್ಚು’ ಎಂದಿದ್ದರೂ ಕೈಬೆರಳಿನ ಗೆರೆಗಳಿಗೂ ಇದಕ್ಕೂ ಸಂಬಂಧವಿಲ್ಲ. ಬೆರಳಚ್ಚಿನಂತೆಯೇ ವ್ಯಕ್ತಿಯನ್ನು ಪ್ರತ್ಯೇಕವಾಗಿ ಗುರುತಿಸಬಲ್ಲದು ಎಂಬ ಕಾರಣಕ್ಕೆ ಈ ಹೆಸರು ಬಂದಿದೆ. ಅಪರಾಧ ತನಿಖೆ, ಪಿತೃತ್ವ ನಿರ್ಣಯ ಹಾಗೂ ದುರಂತಗಳಲ್ಲಿ ಮಡಿದವರ ಗುರುತು ಪತ್ತೆಗೆ ಇದು ಬಳಕೆಯಾಗುತ್ತದೆ. ೨೦೧೦ರ ಮೇ ತಿಂಗಳಲ್ಲಿ ಮಂಗಳೂರಿನಲ್ಲಿ ಸಂಭವಿಸಿದ ವಿಮಾನ ದುರಂತದ ಬಳಿಕ ಗುರುತು ಸಿಗದ ಮೃತದೇಹಗಳನ್ನು ಪತ್ತೆಹಚ್ಚಲು ಇದೇ ಪರೀಕ್ಷೆಯನ್ನು ಆಶ್ರಯಿಸಲಾಯಿತು.

ಡಿಎನ್‌ಎ ತಾನಾಗಿಯೇ ಯಾರ ಹೆಸರನ್ನೂ ಹೇಳುವುದಿಲ್ಲ. ಹೋಲಿಸಿ ನೋಡಲು ಇನ್ನೊಂದು ಮಾದರಿ ದೊರೆತಾಗ ಮಾತ್ರ ಅದು ಉತ್ತರ ಕೊಡುತ್ತದೆ. ಈ ಪರೀಕ್ಷೆಯ ಶಕ್ತಿ ಮತ್ತು ಮಿತಿ ಎರಡೂ ಈ ಒಂದು ಸಂಗತಿಯಲ್ಲಿ ಅಡಗಿವೆ.

ಡಿಎನ್‌ಎಯ ರಚನೆ

ಮನುಷ್ಯನ ದೇಹದ ಬಹುತೇಕ ಜೀವಕೋಶಗಳ ನಡುವೆ ಕೋಶಕೇಂದ್ರವಿರುತ್ತದೆ. ಅದರೊಳಗೆ ೨೩ ಜೋಡಿ, ಅಂದರೆ ೪೬ ವರ್ಣತಂತುಗಳಿವೆ. ಪ್ರತಿ ಜೋಡಿಯಲ್ಲಿ ಒಂದು ತಾಯಿಯಿಂದಲೂ ಇನ್ನೊಂದು ತಂದೆಯಿಂದಲೂ ಬಂದಿರುತ್ತದೆ. ಈ ವರ್ಣತಂತುಗಳಲ್ಲಿ ಬಿಗಿಯಾಗಿ ಸುತ್ತಿಕೊಂಡಿರುವ ಉದ್ದನೆಯ ಎಳೆಯೇ ಡಿಎನ್‌ಎ. ಒಂದು ಕೋಶದಲ್ಲಿರುವ ಡಿಎನ್‌ಎಯನ್ನು ಬಿಡಿಸಿ ಸಾಲಾಗಿ ಇಟ್ಟರೆ ಸುಮಾರು ಎರಡು ಮೀಟರ್ ಉದ್ದವಾಗುತ್ತದೆ.

ಡಿಎನ್‌ಎಯ ಆಕಾರ ತಿರುಚಿದ ನೂಲೇಣಿಯಂತಿದೆ. ಏಣಿಯ ಎರಡು ಪಕ್ಕದ ಎಳೆಗಳು ಸಕ್ಕರೆ ಮತ್ತು ಫಾಸ್ಫೇಟ್ ಘಟಕಗಳಿಂದ ಆಗಿವೆ. ಮೆಟ್ಟಿಲುಗಳು ಅಡೆನಿನ್, ಥೈಮಿನ್, ಗ್ವಾನಿನ್ ಮತ್ತು ಸೈಟೊಸಿನ್ ಎಂಬ ನಾಲ್ಕು ಪ್ರತ್ಯಾಮ್ಲಗಳಿಂದ ಆಗಿವೆ. ಅಡೆನಿನ್ ಎದುರಿಗೆ ಯಾವಾಗಲೂ ಥೈಮಿನ್, ಗ್ವಾನಿನ್ ಎದುರಿಗೆ ಯಾವಾಗಲೂ ಸೈಟೊಸಿನ್ ಇರುತ್ತದೆ. ಹೀಗಾಗಿ ಒಂದು ಎಳೆ ತಿಳಿದರೆ ಇನ್ನೊಂದು ಎಳೆಯನ್ನು ತಾನೇ ಬರೆಯಬಹುದು. ಕೋಶ ವಿಭಜನೆಯಾಗುವಾಗ ಎರಡು ಎಳೆಗಳು ಬೇರೆಯಾಗಿ, ಪ್ರತಿಯೊಂದರ ಎದುರಿಗೂ ಹೊಸ ಎಳೆ ಮೂಡುವುದು ಈ ನಿಯಮದಿಂದಲೇ. ಈ ರಚನೆಯನ್ನು ೧೯೫೩ರಲ್ಲಿ ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಪ್ರಕಟಿಸಿದರು. ರೋಸಲಿಂಡ್ ಫ್ರ್ಯಾಂಕ್ಲಿನ್ ಮತ್ತು ಮಾರಿಸ್ ವಿಲ್ಕಿನ್ಸ್ ಅವರ ಕ್ಷಕಿರಣ ಅಧ್ಯಯನಗಳು ಇದಕ್ಕೆ ಆಧಾರವಾಗಿದ್ದವು.

ವರ್ಣಮಾಲೆಯ ಅಕ್ಷರಗಳ ಅನುಕ್ರಮ ಪದಕ್ಕೆ ಅರ್ಥ ಕೊಡುವಂತೆ, ಈ ನಾಲ್ಕು ಪ್ರತ್ಯಾಮ್ಲಗಳ ಅನುಕ್ರಮ ಪ್ರೋಟೀನ್‌ಗಳ ತಯಾರಿಕೆಗೆ ಸೂಚನೆ ಕೊಡುತ್ತದೆ. ಅಂತಹ ಸೂಚನೆಯನ್ನು ಹೊತ್ತ ಭಾಗಕ್ಕೆ ಜೀನ್ ಅಥವಾ ವಂಶವಾಹಿ ಎಂದು ಹೆಸರು. ಮೂರು ಮೂರು ಅಕ್ಷರಗಳ ಈ ಸಂಕೇತಭಾಷೆಯನ್ನು ಬಿಡಿಸಿದ ವಿಜ್ಞಾನಿಗಳಲ್ಲಿ ಭಾರತ ಸಂಜಾತ ಹರಗೋಬಿಂದ್ ಖುರಾನಾ ಒಬ್ಬರು. ೧೯೬೮ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ವ್ಯಕ್ತಿಯಿಂದ ವ್ಯಕ್ತಿಗೆ ಭೇದ

ಮನುಷ್ಯನ ಒಂದು ಸರಣಿ ವರ್ಣತಂತುಗಳಲ್ಲಿ ಸುಮಾರು ೩೦೦ ಕೋಟಿ ಅಕ್ಷರ ಜೋಡಿಗಳಿವೆ. ಯಾವುದೇ ಇಬ್ಬರು ಮನುಷ್ಯರನ್ನು ಹೋಲಿಸಿದರೂ ಇವುಗಳಲ್ಲಿ ನೂರಕ್ಕೆ ೯೯ಕ್ಕಿಂತ ಹೆಚ್ಚು ಭಾಗ ಒಂದೇ ಆಗಿರುತ್ತದೆ. ಗುರುತು ಪರೀಕ್ಷೆಗೆ ಬೇಕಾದುದು ಉಳಿದ ಅಲ್ಪಭಾಗದ ಭೇದ.

ಪ್ರೋಟೀನ್ ತಯಾರಿಕೆಯ ಸೂಚನೆಯಿಲ್ಲದ ಡಿಎನ್‌ಎ ಭಾಗಗಳಲ್ಲಿ ಕೆಲವೆಡೆ ಸಣ್ಣದೊಂದು ಅಕ್ಷರಗುಚ್ಛ ಮತ್ತೆ ಮತ್ತೆ ಬರುತ್ತದೆ. ಭಜನೆಯಲ್ಲಿ ಪಲ್ಲವಿಯನ್ನು ಒಬ್ಬರು ಏಳು ಬಾರಿ, ಮತ್ತೊಬ್ಬರು ಒಂಬತ್ತು ಬಾರಿ ಹಾಡಿದಂತೆ, ಈ ಪುನರಾವರ್ತನೆಯ ಎಣಿಕೆ ಜನರಿಂದ ಜನರಿಗೆ ಬೇರೆಯಾಗಿರುತ್ತದೆ. ಇವುಗಳನ್ನು ಕಿರು ಪುನರಾವರ್ತನೆಗಳು ಎನ್ನುತ್ತಾರೆ. ಉದಾಹರಣೆಗೆ, ಹನ್ನೊಂದನೆಯ ವರ್ಣತಂತುವಿನಲ್ಲಿರುವ ‘ಟಿಎಚ್-೦೧’ ಎಂಬ ತಾಣದಲ್ಲಿ ನಾಲ್ಕು ಅಕ್ಷರಗಳ ಗುಚ್ಛವೊಂದು ಆವರ್ತಿಸುತ್ತದೆ. ತಾಯಿಯಲ್ಲಿ ಈ ಎಣಿಕೆ ೬ ಮತ್ತು ೮, ತಂದೆಯಲ್ಲಿ ೭ ಮತ್ತು ೯ ಇದ್ದರೆ, ಮಗುವಿನಲ್ಲಿ ೬-೭, ೬-೯, ೮-೭ ಅಥವಾ ೮-೯ ಇರಬೇಕು. ಮಗುವಿನಲ್ಲಿ ೬-೧೦ ಕಂಡುಬಂದರೆ ಆ ಹತ್ತು ಎಲ್ಲಿಂದ ಬಂತು ಎಂಬ ಪ್ರಶ್ನೆ ಏಳುತ್ತದೆ.

ಶೋಧನೆಯ ಇತಿಹಾಸ

ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರಿಸ್ ೧೯೮೪ರ ಸೆಪ್ಟೆಂಬರ್ ೧೦ರಂದು ಪ್ರಯೋಗಾಲಯದಲ್ಲಿ ಕ್ಷಕಿರಣ ಫಲಕವೊಂದನ್ನು ನೋಡುತ್ತಿದ್ದಾಗ, ಒಂದೇ ಕುಟುಂಬದವರ ಡಿಎನ್‌ಎ ಪಟ್ಟೆಗಳಲ್ಲಿ ಹೋಲಿಕೆಯೂ ಭೇದವೂ ಸ್ಪಷ್ಟವಾಗಿ ಕಾಣುವುದನ್ನು ಗಮನಿಸಿದರು. ಇದು ಡಿಎನ್‌ಎ ಬೆರಳಚ್ಚಿನ ಆರಂಭ. ೧೯೮೫ರಲ್ಲಿ ವಲಸೆಗೆ ಸಂಬಂಧಿಸಿದ ವ್ಯಾಜ್ಯವೊಂದರಲ್ಲಿ ಬಾಲಕನೊಬ್ಬ ಆ ತಾಯಿಯ ಮಗನೇ ಎಂದು ಸಾಬೀತುಪಡಿಸಲು ಇದು ಮೊದಲು ಬಳಕೆಯಾಯಿತು. ಅನಂತರ ಲೆಸ್ಟರ್‌ಶೈರ್‌ನ ಎರಡು ಕೊಲೆ ಪ್ರಕರಣಗಳಲ್ಲಿ, ತಪ್ಪೊಪ್ಪಿಗೆ ಹೇಳಿಕೆ ಕೊಟ್ಟಿದ್ದ ಹದಿಹರೆಯದ ಯುವಕನೊಬ್ಬ ನಿರಪರಾಧಿ ಎಂಬುದನ್ನು ಈ ಪರೀಕ್ಷೆ ತೋರಿಸಿಕೊಟ್ಟಿತು. ಬಳಿಕ ನಿಜವಾದ ಅಪರಾಧಿ ಸಿಕ್ಕಿಬಿದ್ದು ೧೯೮೮ರಲ್ಲಿ ಶಿಕ್ಷೆಗೊಳಗಾದನು. ಅಪರಾಧ ತನಿಖೆಯಲ್ಲಿ ಈ ತಂತ್ರ ಮೊದಲು ಮಾಡಿದ ಕೆಲಸ ನಿರಪರಾಧಿಯೊಬ್ಬನನ್ನು ಬಿಡಿಸಿದ್ದು ಎಂಬುದು ಗಮನಾರ್ಹ.

ಪರೀಕ್ಷೆಯ ಹಂತಗಳು

ಮೊದಲ ಹಂತ ಮಾದರಿ ಸಂಗ್ರಹ. ರಕ್ತ, ಕೆನ್ನೆಯ ಒಳಭಾಗದ ಕೋಶಗಳು, ಬೇರುಸಹಿತವಾದ ಕೂದಲು, ಮೂಳೆ, ಹಲ್ಲು ಮುಂತಾದವುಗಳಿಂದ ಡಿಎನ್‌ಎ ದೊರೆಯುತ್ತದೆ. ಬೆಂಕಿ, ತೇವ ಮತ್ತು ಕಾಲ ಡಿಎನ್‌ಎಯನ್ನು ತುಂಡರಿಸುತ್ತವೆ. ಆದುದರಿಂದ ಸುಟ್ಟ ದೇಹಗಳಲ್ಲಿ ಗಟ್ಟಿ ಕವಚವುಳ್ಳ ಹಲ್ಲು ಮತ್ತು ತೊಡೆಯ ಮೂಳೆಯಂತಹ ಭಾಗಗಳೇ ಹೆಚ್ಚು ಭರವಸೆಯ ಮೂಲಗಳು.

ಎರಡನೆಯ ಹಂತದಲ್ಲಿ ಕೋಶಗಳನ್ನು ಒಡೆದು, ಪ್ರೋಟೀನ್ ಮೊದಲಾದವುಗಳನ್ನು ತೆಗೆದುಹಾಕಿ ಡಿಎನ್‌ಎಯನ್ನು ಶುದ್ಧೀಕರಿಸುತ್ತಾರೆ.

ಮೂರನೆಯದು ಪ್ರತಿಗಳ ತಯಾರಿಕೆ. ಕೋವಿಡ್ ಕಾಲದಲ್ಲಿ ಮನೆಮಾತಾದ ಪಿಸಿಆರ್, ಅಂದರೆ ಪಾಲಿಮರೇಸ್ ಸರಪಳಿ ಕ್ರಿಯೆ ಇಲ್ಲಿ ನೆರವಿಗೆ ಬರುತ್ತದೆ. ಕ್ಯಾರಿ ಮುಲ್ಲಿಸ್ ೧೯೮೩ರಲ್ಲಿ ರೂಪಿಸಿದ ಈ ವಿಧಾನಕ್ಕೆ ೧೯೯೩ರ ನೊಬೆಲ್ ಪಾರಿತೋಷಕ ಸಂದಿತು. ದ್ರಾವಣವನ್ನು ಸುಮಾರು ೯೫ ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಡಿಎನ್‌ಎಯ ಎರಡು ಎಳೆಗಳು ಬೇರೆಯಾಗುತ್ತವೆ. ೫೦ರಿಂದ ೬೦ ಡಿಗ್ರಿಗೆ ತಣಿಸಿದಾಗ, ಬೇಕಾದ ಭಾಗದ ಎರಡು ತುದಿಗಳಿಗೆ ‘ಪ್ರೈಮರ್’ ಎಂಬ ಕಿರು ತುಣುಕುಗಳು ಅಂಟಿಕೊಳ್ಳುತ್ತವೆ. ೭೨ ಡಿಗ್ರಿಯಲ್ಲಿ, ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾದಿಂದ ಮೂಲತಃ ಪಡೆದ ಕಿಣ್ವವೊಂದು ಹೊಸ ಎಳೆಯನ್ನು ನೇಯುತ್ತದೆ. ಪ್ರತಿ ಆವರ್ತಕ್ಕೂ ಪ್ರತಿಗಳು ಇಮ್ಮಡಿಯಾಗುವುದರಿಂದ ೩೦ ಆವರ್ತಗಳಲ್ಲಿ ಒಂದು ತುಣುಕು ನೂರು ಕೋಟಿಗೂ ಮೀರಬಲ್ಲದು. ಜೆಫ್ರಿಸ್ ಅವರ ಮೂಲ ವಿಧಾನಕ್ಕೆ ಗಣನೀಯ ಪ್ರಮಾಣದ ರಕ್ತ ಬೇಕಾಗಿತ್ತು; ಪಿಸಿಆರ್ ಬಂದ ಬಳಿಕ ಅತ್ಯಲ್ಪ ಮಾದರಿಯೂ ಸಾಕಾಯಿತು.

ನಾಲ್ಕನೆಯ ಹಂತದಲ್ಲಿ ವಿದ್ಯುತ್ ಹಾಯಿಸಿ ತುಣುಕುಗಳನ್ನು ಉದ್ದಕ್ಕನುಗುಣವಾಗಿ ಬೇರ್ಪಡಿಸುತ್ತಾರೆ. ಕಿರಿಯ ತುಣುಕು ಬೇಗ ಚಲಿಸುತ್ತದೆ, ಉದ್ದನೆಯದು ಹಿಂದುಳಿಯುತ್ತದೆ. ಉದ್ದದಿಂದ ಪುನರಾವರ್ತನೆಯ ಎಣಿಕೆ ತಿಳಿಯುತ್ತದೆ. ಹೀಗೆ ಅನೇಕ ತಾಣಗಳಿಂದ ದೊರೆತ ಅಂಕಿಗಳ ಪಟ್ಟಿಯೇ ವ್ಯಕ್ತಿಯ ಡಿಎನ್‌ಎ ವಿವರ.

ಹೋಲಿಕೆಯ ಲೆಕ್ಕ

ಒಂದು ತಾಣದಲ್ಲಿ ಇಬ್ಬರ ಅಂಕಿಗಳು ಹೊಂದಿಕೊಂಡರೆ ಏನೂ ಸಿದ್ಧವಾಗುವುದಿಲ್ಲ, ಅದು ಆಕಸ್ಮಿಕವಾಗಿರಬಹುದು. ಒಂದು ತಾಣದ ಅಂಕಿ ಹತ್ತು ಜನರಲ್ಲಿ ಒಬ್ಬರಿಗೆ ಇರುವಂಥದು ಎಂದು ಸರಳವಾಗಿ ಭಾವಿಸೋಣ. ಪರಸ್ಪರ ಸಂಬಂಧವಿಲ್ಲದ ಮೂರು ತಾಣಗಳು ಹೊಂದಿದರೆ ಆಕಸ್ಮಿಕ ಹೊಂದಾಣಿಕೆಯ ಸಾಧ್ಯತೆ ಸಾವಿರದಲ್ಲಿ ಒಂದು. ಹದಿಮೂರು ತಾಣಗಳು ಹೊಂದಿದರೆ ಅದು ಹತ್ತು ಲಕ್ಷ ಕೋಟಿಯಲ್ಲಿ ಒಂದಕ್ಕೆ ಇಳಿಯುತ್ತದೆ. ಇಡೀ ಪ್ರಪಂಚದ ಜನಸಂಖ್ಯೆ ಸುಮಾರು ೮೦೦ ಕೋಟಿ. ಅಮೆರಿಕದ ರಾಷ್ಟ್ರೀಯ ಸಂಗ್ರಹದಲ್ಲಿ ಮೊದಲು ೧೩ ತಾಣಗಳನ್ನು ಬಳಸುತ್ತಿದ್ದರು. ೨೦೧೭ರಿಂದ ೨೦ ತಾಣಗಳನ್ನು ಬಳಸುತ್ತಿದ್ದಾರೆ.

ತಾಯಿಯ ಕವಲು, ತಂದೆಯ ಕವಲು

ಕೋಶಕೇಂದ್ರದ ಹೊರಗೆ, ಮೈಟೊಕಾಂಡ್ರಿಯ ಎಂಬ ಕಣಗಳಲ್ಲಿಯೂ ಸ್ವಲ್ಪ ಡಿಎನ್‌ಎ ಇದೆ. ಇದು ೧೬,೫೬೯ ಅಕ್ಷರ ಜೋಡಿಗಳ ಸಣ್ಣ ಉಂಗುರ. ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ. ತುಳುನಾಡಿನ ಅಳಿಯಸಂತಾನ ಪದ್ಧತಿಯನ್ನು ಬಲ್ಲವರಿಗೆ ಇದನ್ನು ಅರ್ಥಮಾಡಿಕೊಳ್ಳುವುದು ಸುಲಭ. ಅಲ್ಲಿ ‘ಬರಿ’ ತಾಯಿಯಿಂದ ಬರುತ್ತದೆ. ಗಂಡುಮಕ್ಕಳಿಗೂ ತಾಯಿಯ ಬರಿಯೇ ಇರುತ್ತದೆ, ಆದರೆ ಅವರ ಮಕ್ಕಳಿಗೆ ಅದು ದಾಟುವುದಿಲ್ಲ. ಮೈಟೊಕಾಂಡ್ರಿಯದ ಡಿಎನ್‌ಎ ಸಾಗುವ ದಾರಿಯೂ ಇದೇ. ಆದುದರಿಂದ ಮೃತನ ತಾಯಿ ಇಲ್ಲದಿದ್ದರೂ ಸೋದರಮಾವನ ಅಥವಾ ತಾಯಿಯ ಅಕ್ಕತಂಗಿಯರ ಮಾದರಿಯೊಂದಿಗೆ ಹೋಲಿಸಬಹುದು. ಇದಕ್ಕೆ ವಿರುದ್ಧವಾಗಿ ‘ವೈ’ ವರ್ಣತಂತು, ಗೋತ್ರದಂತೆ, ತಂದೆಯಿಂದ ಮಗನಿಗೆ ಸಾಗುತ್ತದೆ. ಒಂದು ಕೋಶದಲ್ಲಿ ಮೈಟೊಕಾಂಡ್ರಿಯದ ಡಿಎನ್‌ಎ ಪ್ರತಿಗಳು ನೂರಾರು ಇರುವುದರಿಂದ, ಕೆಟ್ಟುಹೋದ ಅವಶೇಷಗಳಲ್ಲಿಯೂ ಅದು ಉಳಿದಿರುವ ಸಾಧ್ಯತೆ ಹೆಚ್ಚು. ಆದರೆ ಒಂದೇ ಕವಲಿನವರೆಲ್ಲರಲ್ಲಿಯೂ ಅದು ಒಂದೇ ಬಗೆಯಾಗಿರುವುದರಿಂದ ಅದೊಂದರಿಂದಲೇ ವ್ಯಕ್ತಿಯನ್ನು ನಿರ್ಧರಿಸಲಾಗದು.

ಭಾರತದಲ್ಲಿ

ಭಾರತದಲ್ಲಿ ಈ ತಂತ್ರವನ್ನು ಬೆಳೆಸಿದವರು ಹೈದರಾಬಾದಿನ ಕೋಶೀಯ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರದ ಲಾಲ್‌ಜಿ ಸಿಂಗ್. ಕಟ್ಟುಹಾವಿನ ಡಿಎನ್‌ಎಯ ಅಧ್ಯಯನದಿಂದ ದೊರೆತ ಶೋಧಕ ತುಣುಕೊಂದನ್ನು ಅವರು ಮನುಷ್ಯರ ಗುರುತು ಪತ್ತೆಗೆ ಬಳಸಿದರು. ಕೇರಳದ ತಲಶ್ಶೇರಿಯ ಪಿತೃತ್ವ ವ್ಯಾಜ್ಯವೊಂದರಲ್ಲಿ ೧೯೮೯ರ ಸುಮಾರಿಗೆ ಈ ಸಾಕ್ಷ್ಯ ನ್ಯಾಯಾಲಯದ ಮುಂದೆ ಬಂದಿತು. ರಾಜೀವ್ ಗಾಂಧಿ ಹತ್ಯೆಯ ತನಿಖೆಯಲ್ಲಿಯೂ ಇದು ಬಳಕೆಯಾಯಿತು. ಮುಂದೆ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ಅಡಿಯಲ್ಲಿ ಹೈದರಾಬಾದಿನಲ್ಲಿಯೇ ಡಿಎನ್‌ಎ ಬೆರಳಚ್ಚು ಮತ್ತು ರೋಗನಿದಾನ ಕೇಂದ್ರ ಸ್ಥಾಪನೆಗೊಂಡಿತು. ಇದು ಸಿಡಿಎಫ್‌ಡಿ ಎಂದು ಪರಿಚಿತವಾಗಿದೆ.

ಮಂಗಳೂರು ವಿಮಾನ ದುರಂತ

೨೦೧೦ರ ಮೇ ೨೨ರಂದು ಬೆಳಿಗ್ಗೆ ಆರು ಗಂಟೆಯ ಬಳಿಕ, ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ೮೧೨ನೆಯ ಸಂಖ್ಯೆಯ ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯನ್ನು ದಾಟಿ ಕಮರಿಗೆ ಉರುಳಿ ಹೊತ್ತಿ ಉರಿಯಿತು. ಅದರಲ್ಲಿದ್ದ ೧೬೬ ಮಂದಿಯಲ್ಲಿ ೧೫೮ ಮಂದಿ ಮಡಿದರು. ಎಂಟು ಮಂದಿ ಬದುಕುಳಿದರು. ಮಡಿದವರಲ್ಲಿ ಹೆಚ್ಚಿನವರು ಕರಾವಳಿ ಕರ್ನಾಟಕ ಮತ್ತು ಕಾಸರಗೋಡು ಭಾಗದವರು, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದವರು ಹಾಗೂ ಅವರ ಕುಟುಂಬದವರು.

ಬೆಂಕಿಯಿಂದಾಗಿ ಅನೇಕ ದೇಹಗಳು ಗುರುತು ಸಿಗದ ಸ್ಥಿತಿಯಲ್ಲಿದ್ದವು. ಬಂಧುಗಳು ಒಡವೆ, ಬಟ್ಟೆಯ ಚೂರು, ಮೈಕಟ್ಟುಗಳನ್ನು ನೋಡಿ ತಮ್ಮವರನ್ನು ಹುಡುಕಬೇಕಾಯಿತು. ಹೀಗೆ ಗುರುತಿಸಲ್ಪಟ್ಟ ದೇಹಗಳನ್ನು ಕುಟುಂಬಗಳಿಗೆ ಒಪ್ಪಿಸಲಾಯಿತು. ಉಳಿದ ದೇಹಗಳಿಂದಲೂ ಅವುಗಳಿಗಾಗಿ ಕಾದಿದ್ದ ಬಂಧುಗಳಿಂದಲೂ ಪಡೆದ ಮಾದರಿಗಳನ್ನು ಸಿಡಿಎಫ್‌ಡಿಯಲ್ಲಿ ಹೋಲಿಸಲಾಯಿತು. ಕೆಲವು ಹೊಂದಿಕೊಂಡವು. ಕೊನೆಗೂ ಗುರುತು ಸಿಗದೆ ಉಳಿದ ೧೨ ದೇಹಗಳನ್ನು ಸಾಮೂಹಿಕವಾಗಿ ದಫನ ಮಾಡಲಾಯಿತು. ಕುದ್ರೋಳಿ, ಬೋಳೂರು ಮೊದಲಾದ ಭಾಗಗಳಿಗೆ ನದಿಯ ಆಚೆದಡವಾಗಿರುವ ತಣ್ಣೀರುಬಾವಿ ಪ್ರದೇಶದಲ್ಲಿ, ಕೂಳೂರಿನ ಕಡೆಗೆ, ಫಲ್ಗುಣಿ ನದಿಯ ಬಳಿ ದುರಂತದ ಸ್ಮಾರಕವಿದೆ. ಮೇ ೨೨ರಂದು ಅಲ್ಲಿ ಶ್ರದ್ಧಾಂಜಲಿ ಸಲ್ಲಿಸಲಾಗುತ್ತದೆ.

ವಿಮಾನ ದುರಂತದಲ್ಲಿ ಪ್ರಯಾಣಿಕರ ಪಟ್ಟಿ ಮೊದಲೇ ಇರುತ್ತದೆ. ಮಡಿದವರು ಯಾರು ಯಾರು ಎಂಬುದು ತಿಳಿದಿರುತ್ತದೆ. ಹೀಗಿದ್ದೂ ಒಂದು ದೇಹ ಯಾರೊಂದಿಗೂ ಹೊಂದದೆ ಉಳಿಯಲು ಮುಖ್ಯವಾಗಿ ಮೂರು ಕಾರಣಗಳಿರುತ್ತವೆ: ದೇಹದಲ್ಲಿ ಪರೀಕ್ಷಿಸಬಹುದಾದ ಡಿಎನ್‌ಎ ಉಳಿಯದಿರುವುದು, ಸಮೀಪದ ರಕ್ತಸಂಬಂಧಿಯ ಮಾದರಿ ದೊರೆಯದಿರುವುದು, ಅಥವಾ ಕಣ್ಣಂದಾಜಿನ ಗುರುತಿನ ಮೇಲೆ ದೇಹಗಳು ಅದಲುಬದಲಾಗಿರುವುದು. ಮೂರನೆಯದು ಅತ್ಯಂತ ಸೂಕ್ಷ್ಮವಾದುದು. ‘ಅ’ ಕುಟುಂಬ ‘ಬ’ ಕುಟುಂಬದವರ ದೇಹವನ್ನು ತಮ್ಮದೆಂದು ಒಯ್ದಿದ್ದರೆ, ಶವಾಗಾರದಲ್ಲಿ ಉಳಿಯುವುದು ‘ಅ’ ಕುಟುಂಬದ ದೇಹ. ಪರೀಕ್ಷೆಗೆ ರಕ್ತ ಕೊಡುವವರು ‘ಬ’ ಕುಟುಂಬದವರು. ಎರಡೂ ಎಂದಿಗೂ ಹೊಂದುವುದಿಲ್ಲ. ಪರೀಕ್ಷೆ ಸರಿಯಾಗಿಯೇ ಇರುತ್ತದೆ. ಎದುರಿಗಿಡಬೇಕಾದ ಮಾದರಿ ಮಾತ್ರ ಅಲ್ಲಿರುವುದಿಲ್ಲ.

ಈ ಕಾರಣದಿಂದಲೇ ಸಾಮೂಹಿಕ ದುರಂತಗಳ ಕುರಿತ ಇಂಟರ್‌ಪೋಲ್ ಮಾರ್ಗಸೂಚಿ ಬೆರಳಚ್ಚು, ದಂತ ವಿವರ ಮತ್ತು ಡಿಎನ್‌ಎಗಳನ್ನು ಪ್ರಧಾನ ಆಧಾರಗಳೆಂದು ಪರಿಗಣಿಸುತ್ತದೆ. ಕೇವಲ ಕಣ್ಣಿನ ಗುರುತನ್ನು ನೆಚ್ಚಬಾರದೆನ್ನುತ್ತದೆ. ಎಲ್ಲ ದೇಹಗಳಿಂದಲೂ ಎಲ್ಲ ಕುಟುಂಬಗಳಿಂದಲೂ ಮಾದರಿ ಪಡೆದ ಮೇಲೆ ದೇಹಗಳನ್ನು ಒಪ್ಪಿಸಿದರೆ ತಪ್ಪಿಗೆ ಎಡೆ ಕಡಿಮೆ. ಆದರೆ ಅದಕ್ಕೆ ದಿನಗಳು ಹಿಡಿಯುತ್ತವೆ. ಮನೆಯಂಗಳದಲ್ಲಿ ಅಂತ್ಯಸಂಸ್ಕಾರಕ್ಕೆ ಸಿದ್ಧರಾಗಿ ಕುಳಿತವರಿಗೆ, ಬೇಗನೆ ದಫನ ಮಾಡಬೇಕೆಂಬ ಧಾರ್ಮಿಕ ವಿಧಿಯುಳ್ಳವರಿಗೆ ಆ ಕಾಯುವಿಕೆ ಅತ್ಯಂತ ಕಠಿಣ. ಅವಸರದ ಒಂದು ತಪ್ಪು ಎರಡು ಮನೆಗಳನ್ನು ತಟ್ಟುತ್ತದೆ ಎಂಬುದನ್ನು ಜನರಿಗೆ ಮೊದಲೇ ತಿಳಿಸಿ ಹೇಳುವುದೂ ಪರೀಕ್ಷೆಯಷ್ಟೇ ಮುಖ್ಯ.

ಮಿತಿಗಳು

* ಏಕಾಂಡ ಅವಳಿಗಳ ಡಿಎನ್‌ಎ ವಿವರ ಒಂದೇ ಆಗಿರುವುದರಿಂದ ಸಾಮಾನ್ಯ ಪರೀಕ್ಷೆ ಅವರನ್ನು ಬೇರ್ಪಡಿಸದು.
* ಸುಟ್ಟ ಅಥವಾ ಹಳೆಯ ಮಾದರಿಗಳಲ್ಲಿ ಕೆಲವು ತಾಣಗಳ ಅಂಕಿಗಳಷ್ಟೇ ದೊರೆಯಬಹುದು. ಆಗ ತೀರ್ಮಾನದ ಬಲ ಕುಗ್ಗುತ್ತದೆ.
* ಹೊರಗಿನ ಡಿಎನ್‌ಎ ಬೆರೆತರೆ ದಾರಿ ತಪ್ಪುತ್ತದೆ. ಜರ್ಮನಿ, ಆಸ್ಟ್ರಿಯ ಮತ್ತು ಫ್ರಾನ್ಸ್‌ಗಳ ಅನೇಕ ಅಪರಾಧಗಳಲ್ಲಿ ಒಬ್ಬಳೇ ಮಹಿಳೆಯ ಡಿಎನ್‌ಎ ಕಂಡುಬಂದು ಪೊಲೀಸರು ವರ್ಷಗಟ್ಟಲೆ ಹುಡುಕಾಡಿದರು. ಅದು ಮಾದರಿ ಸಂಗ್ರಹಕ್ಕೆ ಬಳಸಿದ ಹತ್ತಿಕಡ್ಡಿಗಳ ತಯಾರಿಕೆಯ ವೇಳೆ ಸೇರಿಕೊಂಡ ಡಿಎನ್‌ಎ ಎಂಬುದು ೨೦೦೯ರಲ್ಲಿ ಬಯಲಾಯಿತು.
* ಸ್ಥಳದಲ್ಲಿ ದೊರೆತ ಡಿಎನ್‌ಎ ಯಾರದೆಂದು ತಿಳಿಯಬಹುದು. ಅದು ಅಲ್ಲಿಗೆ ಹೇಗೆ, ಯಾವಾಗ ಬಂತೆಂಬುದನ್ನು ಪರೀಕ್ಷೆ ಹೇಳದು.

ಕಾನೂನು

ಭಾರತದ ನ್ಯಾಯಾಲಯಗಳು ಡಿಎನ್‌ಎ ವರದಿಯನ್ನು ತಜ್ಞರ ಅಭಿಪ್ರಾಯವೆಂದು ಪರಿಗಣಿಸುತ್ತವೆ. ದಂಡ ಪ್ರಕ್ರಿಯಾ ಸಂಹಿತೆಗೆ ೨೦೦೫ರಲ್ಲಿ ತಂದ ತಿದ್ದುಪಡಿ, ಅತ್ಯಾಚಾರ ಪ್ರಕರಣಗಳ ಆರೋಪಿಯ ವೈದ್ಯಕೀಯ ಪರೀಕ್ಷೆಯಲ್ಲಿ ಡಿಎನ್‌ಎ ಮಾದರಿ ಪಡೆಯಲು ಅವಕಾಶ ಕಲ್ಪಿಸಿತು. ಪಿತೃತ್ವದ ವ್ಯಾಜ್ಯಗಳಲ್ಲಿ ರಕ್ತಪರೀಕ್ಷೆಯನ್ನು ವಾಡಿಕೆಯಂತೆ ಆದೇಶಿಸಬಾರದೆಂದು ಸರ್ವೋಚ್ಚ ನ್ಯಾಯಾಲಯ ೧೯೯೩ರಲ್ಲಿ ಹೇಳಿದೆ. ಡಿಎನ್‌ಎ ಸಂಗ್ರಹ ಮತ್ತು ಬಳಕೆಯನ್ನು ನಿಯಂತ್ರಿಸುವ ಮಸೂದೆಯೊಂದನ್ನು ೨೦೧೯ರಲ್ಲಿ ಲೋಕಸಭೆಯಲ್ಲಿ ಮಂಡಿಸಲಾಗಿತ್ತು. ವ್ಯಕ್ತಿಯ ಖಾಸಗಿತನದ ಕುರಿತು ಆಕ್ಷೇಪಗಳು ವ್ಯಕ್ತವಾಗಿದ್ದ ಆ ಮಸೂದೆಯನ್ನು ೨೦೨೩ರ ಜುಲೈನಲ್ಲಿ ಸರ್ಕಾರ ಹಿಂತೆಗೆದುಕೊಂಡಿತು.