ಹಳ್ಳಿಮೈಸೂರು: ಬ್ಯಾರನ್ ಪಕ್ಕದಲ್ಲೇ ಇದೆ ವಿಜ್ಞಾನ

ಹೊಳೆನರಸೀಪುರದಿಂದ ಮೈಸೂರಿನತ್ತ ಹೊರಟ ಬಸ್ಸು ಹಳ್ಳಿಮೈಸೂರಿನಲ್ಲಿ ನಿಂತಾಗ ಮೊದಲು ಇಳಿಯುವವರು ಯೂನಿಫಾರ್ಮ್ ತೊಟ್ಟ ಮಕ್ಕಳು. ಇದು ಹೋಬಳಿ ಕೇಂದ್ರ. ಸುತ್ತಲ ಹಳ್ಳಿಗಳವರು ಬ್ಯಾಂಕಿಗೂ ಆಸ್ಪತ್ರೆಗೂ ಹೈಸ್ಕೂಲಿಗೂ ಇಲ್ಲಿಗೇ ಬರುತ್ತಾರೆ. ಆ ಮಕ್ಕಳನ್ನು ‘ಯಾವ ವಿಷಯ ಕಷ್ಟ?’ ಎಂದು ಕೇಳಿದರೆ ಗಣಿತದ ಜೊತೆಗೆ ವಿಜ್ಞಾನದ ಹೆಸರೂ ಬರುತ್ತದೆ. ಅವೆರಡೂ ಬೇರೆ ಬೇರೆ ಕಷ್ಟಗಳಲ್ಲ.

ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠವನ್ನೇ ನೋಡಿ. 3 ಓಮ್ ಮತ್ತು 6 ಓಮ್ ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ 2 ಓಮ್. ಅದಕ್ಕೆ 1/3 ಮತ್ತು 1/6 ಕೂಡಿಸಿ, ಬಂದ 1/2 ಅನ್ನು ತಿರುವಿಹಾಕಬೇಕು. ಕೆಳಗಿನ ತರಗತಿಗಳಲ್ಲೇ ಗಟ್ಟಿಯಾಗಬೇಕಿದ್ದ ಭಿನ್ನರಾಶಿ ಕೈಕೊಟ್ಟ ಮಗು 2/9 ಎಂದು ಬರೆಯುತ್ತದೆ. ಸೋತದ್ದು ಲೆಕ್ಕದಲ್ಲಿ, ಕಳೆದುಕೊಂಡದ್ದು ವಿಜ್ಞಾನದ ಅಂಕ.

ಇನ್ನೊಂದು ತೊಡಕು ನೇಮಕಾತಿಯದು. ಸರ್ಕಾರಿ ಹೈಸ್ಕೂಲುಗಳಲ್ಲಿ ಸಾಮಾನ್ಯವಾಗಿ ಪಿಸಿಎಂ (ಭೌತ, ರಸಾಯನ, ಗಣಿತ ಓದಿದ) ಶಿಕ್ಷಕರಿಗೆ ಗಣಿತ, ಸಿಬಿಝೆಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ ಓದಿದ) ಶಿಕ್ಷಕರಿಗೆ ವಿಜ್ಞಾನ. ಪದವಿಯಲ್ಲಿ ಭೌತಶಾಸ್ತ್ರ ಓದದವರೇ ಬೆಳಕು, ವಿದ್ಯುತ್ತು ಕಲಿಸಬೇಕಾಗುತ್ತದೆ. ಪರೀಕ್ಷೆಯದೂ ಒಂದು ತೊಡಕು. ಎಸ್‌ಎಸ್‌ಎಲ್‌ಸಿಯ ವಿಜ್ಞಾನದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಪ್ರಯೋಗಕ್ಕೆಂದೇ ಪ್ರತ್ಯೇಕ ಪರೀಕ್ಷೆಯಿಲ್ಲ. ಹಾಗಾಗಿ ಉಪಕರಣಗಳು ಬೀರುವಿನಲ್ಲೇ ಉಳಿಯುತ್ತವೆ, ಮಕ್ಕಳ ಕೈಗೆ ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರಗಳ ‘ಪಾಸಿಂಗ್ ಪ್ಯಾಕೇಜ್’ ಬರುತ್ತದೆ. ಹೃದಯದ ಚಿತ್ರ ಬಿಡಿಸಿ ಭಾಗ ಗುರುತಿಸಿದ ಮಗುವಿಗೆ ಅಂಕ ಸಿಗುತ್ತದೆ. ಓಡಿ ಬಂದಾಗ ಎದೆಬಡಿತ ಏಕೆ ಹೆಚ್ಚುತ್ತದೆಂದು ಅದು ಕೇಳುವುದೇ ಇಲ್ಲ.

ಬಸ್‌ ನಿಲ್ದಾಣದ ಅಂಗಡಿಗಳತ್ತ ಬನ್ನಿ, ಪ್ರಯೋಗದ ಸಾಮಾನು ಅಲ್ಲೇ ಇದೆ. ಅರಿಸಿನ, ಎಲೆಗೆ ಹಚ್ಚುವ ಸುಣ್ಣ, ನಿಂಬೆಹಣ್ಣು ಸಿಕ್ಕರೆ ಆಮ್ಲ-ಪ್ರತ್ಯಾಮ್ಲ ಪಾಠಕ್ಕೆ ಸಾಕು: ಸುಣ್ಣ ತಾಗಿದ ಅರಿಸಿನ ಕೆಂಪಾಗುತ್ತದೆ, ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಊರಾಚೆ ಹೊಲಗಳತ್ತ ನಡೆದರೆ ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳು. ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೋಗುವ ಸೊಪ್ಪು ಹದವಾಗುವುದು ಇಂಥವುಗಳಲ್ಲೇ. ಒಲೆಯ ಕಾವಿಗೆ ಕೊಳವೆ ಬಿಸಿಯಾಗುತ್ತದೆ. ಸುತ್ತಲಿನ ಗಾಳಿ ಕಾದು ಮೇಲೇರಿ, ಸೊಪ್ಪಿನ ತೇವ ಹೊತ್ತು ಕಿಂಡಿಯಿಂದ ಹೊರಹೋಗುತ್ತದೆ. ವಹನ, ಸಂವಹನ, ಆವೀಕರಣ ಮೂರೂ ಇಲ್ಲಿವೆ. ಕಿಂಡಿಯನ್ನು ಯಾವಾಗ ಎಷ್ಟು ತೆರೆಯಬೇಕೆಂದು ಅಪ್ಪನಿಗೆ ಗೊತ್ತು. ಅದೇ ಮನೆಯ ಮಗಳು ಸಂವಹನದ ವ್ಯಾಖ್ಯೆಯನ್ನು ಬಾಯಿಪಾಠ ಮಾಡುತ್ತಾಳೆ. ಇವೆರಡೂ ಒಂದೇ ಎಂದು ತೋರಿಸಿಕೊಡುವವರು ಬೇಕು.

ಹಳ್ಳಿ ಮಕ್ಕಳಿಗೆ ವಿಜ್ಞಾನ ಹತ್ತುವುದಿಲ್ಲವೆಂಬ ಮಾತು ತಪ್ಪು. ಎಂಟನೇ ತರಗತಿಯ ಸೇತುಬಂಧದಲ್ಲಿ, ಅಂದರೆ ವರ್ಷಾರಂಭದ ಪುನರಾವರ್ತನೆಯಲ್ಲಿ, ಗಣಿತ, ವಿಜ್ಞಾನದ ಶಿಕ್ಷಕರು ಒಟ್ಟಿಗೆ ಕೂತು ಭಿನ್ನರಾಶಿ ಸರಿಪಡಿಸಲಿ. ವಾರಕ್ಕೊಂದು ಪ್ರಯೋಗ ಮಕ್ಕಳ ಕೈಯಲ್ಲೇ ಆಗಲಿ. ಬೆಳಕು, ವಿದ್ಯುತ್ತಿನ ಪಾಠಗಳನ್ನು ಪಿಸಿಎಂ ಶಿಕ್ಷಕರಿಗೆ ಹಂಚಿಕೊಡಲಿ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ವೇಳಾಪಟ್ಟಿ ಬದಲಿಸುವ ಮನಸ್ಸಿದ್ದರೆ ಬರುವ ಜೂನ್‌ನಲ್ಲೇ ಶುರುಮಾಡಬಹುದು.