ತೆಂಗಿನ ಸೀಮೆಯ ಸಂತೆ: ಕೂಟ ಮತ್ತು ಮಾತು

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರವು ಎಸ್.ಎಲ್. ಭೈರಪ್ಪನವರ ಹುಟ್ಟೂರಾಗಿ ಸಾಹಿತ್ಯದ ಓದುಗರಿಗೆ ಪರಿಚಿತ. ತುರುವೇಕೆರೆ ತಾಲ್ಲೂಕಿನ ಹೋಬಳಿ ಕೇಂದ್ರ ದಂಡಿನಶಿವರ. ‘ಶಿವರ’ ಎಂಬ ಉತ್ತರಪದದ ನಿಷ್ಪತ್ತಿಯನ್ನು ಬದಿಗಿಟ್ಟರೂ ಪೂರ್ವಪದಗಳು ಗಮನಾರ್ಹವಾಗಿವೆ: ಒಂದಕ್ಕೆ ಸಂತೆ, ಇನ್ನೊಂದಕ್ಕೆ ದಂಡು. ಎರಡೂ ಜನ ನೆರೆಯುವುದನ್ನು ಹೇಳುವ ಪದಗಳೇ. ಸಂತೇಬೆನ್ನೂರು, ಸಂತೇಮರಹಳ್ಳಿಗಳಲ್ಲಿಯೂ ಸಂತೆಯೇ ಊರಿನ ಗುರುತಾಗಿದೆ. ಆದರೂ ಜಾನಪದ ಅಧ್ಯಯನಗಳಲ್ಲಿ ಜಾತ್ರೆಗೆ ದೊರೆತಷ್ಟು ಗಮನ ಸಂತೆಗೆ ದೊರೆತಿಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ರೈತನಿಗೆ ಮಾರುಕಟ್ಟೆಗಳು ಎರಡು: ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆ ಪ್ರಾಂಗಣ ಮತ್ತು ಹತ್ತಿರದ ವಾರದ ಸಂತೆ. ಎರಡರ ಕಾಲದ ಲೆಕ್ಕವೂ ಬೇರೆ, ಮಾತಿನ ಲೆಕ್ಕವೂ ಬೇರೆ.

ಈ ಸೀಮೆಯದು ಎಣ್ಣೆಗೆ ಹೋಗುವ ಹೋಳು ಕೊಬ್ಬರಿಯಲ್ಲ, ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೇರಿಸಿ ಹತ್ತು ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ ತಿರುಳು ಚಿಪ್ಪನ್ನು ಬಿಡುತ್ತದೆ. ಅಲುಗಿಸಿದರೆ ಗಿಟುಕು ಒಳಗೇ ಸದ್ದು ಮಾಡುತ್ತದೆ. ಆಮೇಲೆ ಸುಲಿದು, ಚಿಪ್ಪೊಡೆದು, ಉಂಡೆಯನ್ನು ಇಡಿಯಾಗಿ ಬಿಡಿಸಬೇಕು. ಹೀಗಾಗಿ ಅಟ್ಟವೇ ಮನೆಯ ಉಳಿತಾಯ. ಮದುವೆಯೂ ಸಾಲದ ವಾಯಿದೆಯೂ ಅದನ್ನು ಕಾಯುತ್ತವೆ. ಸರಕು ಬಹುಪಾಲು ಉತ್ತರ ಭಾರತಕ್ಕೆ ಹೋಗುವುದರಿಂದ ಧಾರಣೆ ಅಲ್ಲಿನ ಹಬ್ಬಹರಿದಿನಗಳ ಬೇಡಿಕೆಯನ್ನು ಅನುಸರಿಸುತ್ತದೆ. ೨೦೨೩ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ ೧೧,೭೫೦ ರೂಪಾಯಿ ಬೆಂಬಲ ಬೆಲೆ ಘೋಷಿತವಾಗಿದ್ದರೂ ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿಯಿತು. ೨೦೨೫ರಲ್ಲಿ ಅದೇ ಕೊಬ್ಬರಿ ೨೦,೦೦೦ ರೂಪಾಯಿ ದಾಟಿತು. ಈ ಏರಿಳಿತದಲ್ಲಿ ಬೆಳೆದವನ ಮಾತಿಗೆ ಪಾಲಿರಲಿಲ್ಲ.

೨೦೧೪ರಲ್ಲಿ ರಾಜ್ಯಕ್ಕೆ ಏಕೀಕೃತ ಮಾರುಕಟ್ಟೆ ವೇದಿಕೆ ಬಂದ ತರುವಾಯದ ವಿದ್ಯುನ್ಮಾನ ಟೆಂಡರಿನಲ್ಲಿ ರಾಶಿಗೆ ಸಂಖ್ಯೆ ಬೀಳುತ್ತದೆ, ಖರೀದಿದಾರ ದರವನ್ನು ಕಂಪ್ಯೂಟರಿನಲ್ಲಿ ನಮೂದಿಸುತ್ತಾನೆ, ಹೆಚ್ಚಿನ ದರ ಪ್ರಕಟವಾಗುತ್ತದೆ. ಒಪ್ಪುವುದು ಬಿಡುವುದು ರೈತನಿಗೆ ಸೇರಿದ್ದು. ಖರೀದಿದಾರರು ಒಬ್ಬರ ಮುಖ ಒಬ್ಬರು ನೋಡಿ ದರ ಕಟ್ಟುವುದಕ್ಕೆ ಇಲ್ಲಿ ಅವಕಾಶ ಕಡಿಮೆ ಎಂಬ ಮಟ್ಟಿಗೆ ಇದು ಕೂಗಿನ ಹರಾಜಿಗಿಂತ ನ್ಯಾಯವಾದದ್ದು. ಮಾತಿಲ್ಲದ ವ್ಯಾಪಾರ ಹೊಸದೂ ಅಲ್ಲ. ಸಿದ್ಧಗಂಗೆಯಂಥ ದನಗಳ ಜಾತ್ರೆಗಳಲ್ಲಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವ ಕ್ರಮವುಂಟು. ಅಲ್ಲಿ ಎರಡು ಕೈಗಳಾದರೂ ಕೂಡುತ್ತವೆ.

ಸಂತೆಯಲ್ಲಿ ಕೆಲಸವೆಲ್ಲ ಮಾತಿನದು. ರಾಗಿ, ಹುರುಳಿ, ಸೊಪ್ಪು, ಕೋಳಿ, ಮಡಕೆಗಳ ನಡುವೆ ಕಾಯಿ ಕೀಳುವ ಆಳುಗಳು ಗೊತ್ತಾಗುತ್ತಾರೆ. ಹೆಣ್ಣುಗಂಡಿನ ಸಂಬಂಧದ ಮಾತು ಮೊದಲಾಗುತ್ತದೆ. ಹಬ್ಬಕ್ಕೆ ವಂತಿಗೆ ಎತ್ತುತ್ತಾರೆ. ರೈತ ಸಂಘಟನೆಗಳ ಕರಪತ್ರ ಕೈಸೇರುತ್ತದೆ. ತಮಟೆ ಬಡಿದು ಸಾರುತ್ತಿದ್ದುದನ್ನು ಈಗ ಆಟೋದ ಮೇಲಿನ ಮೈಕು ಸಾರುತ್ತದೆ. ಕೊಟ್ಟ ಮಾತಿನ ಅವಧಿಯೂ ಸಂತೆಯೇ: ‘ಮುಂದಿನ ಸಂತೆಗೆ ಕೊಡ್ತೀನಿ ಕಣಣ್ಣ’ ಎಂಬಲ್ಲಿ ವಾರದ ಹೆಸರು ಬೇಕಾಗುವುದಿಲ್ಲ. ದೊಡ್ಡ ಸಾಲಕ್ಕೆ ‘ಕೊಬ್ಬರಿ ಆದ್ಮೇಲೆ’ ಎಂಬ ಗಡುವು.

ಅಳತೆಯ ಶಬ್ದಗಳಲ್ಲಿ ಈ ಜಗತ್ತು ಇನ್ನೂ ಉಳಿದಿದೆ. ೧೯೫೬ರ ತೂಕ ಮತ್ತು ಅಳತೆಗಳ ಕಾಯಿದೆಯ ತರುವಾಯ ಕಿಲೋಗ್ರಾಂ ಬಂದಿತಾದರೂ ಹಳ್ಳಿಯ ಬಾಯಲ್ಲಿ ಪಾವು, ಸೇರು ಮರೆಯಾಗಲಿಲ್ಲ. ಸೊಪ್ಪು ಕಟ್ಟಿನಲ್ಲಿ, ಹೂವು ಮೊಳದಲ್ಲಿ. ಮೊಳವಾದರೋ ಮಾರುವವಳ ತೋಳಿನಷ್ಟೇ ಉದ್ದ. ಆ ಜಗಳ ಮುಗಿಯುವಂಥದ್ದಲ್ಲ. ಕಾಳು ಅಳೆಯುವಾಗ ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎನ್ನುವ ಹಳೆಯ ರೂಢಿಯನ್ನು ಎಣಿಕೆಯಲ್ಲಡಗಿದ ಹಾರೈಕೆಯೆಂದೇ ಓದಬೇಕು.

ಎಲ್ಲಕ್ಕಿಂತ ಕುತೂಹಲಕರವಾದುದು ‘ಕೊಸರು’. ಅಳತೆ ಮುಗಿದ ಮೇಲೆ ಕೊಳ್ಳುವವರು ಕೇಳುವ, ಮಾರುವವರು ಗೊಣಗುತ್ತಲೇ ಹಾಕುವ ಆ ಒಂದು ಹಿಡಿಗೆ ಬೆಲೆಯಿಲ್ಲ, ಲೆಕ್ಕವೂ ಇಲ್ಲ. ವ್ಯಾಪಾರವನ್ನು ಪರಿಚಯವಾಗಿ ಮಾರ್ಪಡಿಸುವುದು ಅದರ ಕೆಲಸ. ಟೆಂಡರಿನ ಪರದೆಯಲ್ಲಿ ಅದಕ್ಕೆ ಜಾಗವಿಲ್ಲ. ನಿಘಂಟು ಈ ಪದದ ಅರ್ಥವನ್ನು ಕೊಡುತ್ತದೆಯೇ ಹೊರತು ಯಾರು ಯಾರನ್ನು, ಯಾವ ಸಂಬಂಧವಾಚಕದಿಂದ ಕರೆದು ಕೊಸರು ಕೇಳಬಹುದು ಎಂಬುದನ್ನು ಕೊಡದು. ‘ಅಕ್ಕಾ, ಇನ್ನೊಂದು ಹಿಡಿ ಹಾಕು’ ಎಂಬಲ್ಲಿಯ ‘ಅಕ್ಕ’ ರಕ್ತಸಂಬಂಧದ್ದಲ್ಲ. ಆದರೆ ಆ ಸಂಬೋಧನೆಯಿಲ್ಲದೆ ಕೊಸರು ಬೀಳುವುದು ಕಷ್ಟ. ಕ್ಷೇತ್ರಕಾರ್ಯದಲ್ಲಿ ವಕ್ತೃವನ್ನು ಮನೆಯಲ್ಲಿ ಕೂರಿಸಿ ಕೇಳಿದರೆ ಇಂಥ ಬಳಕೆ ಸಿಗುವುದಿಲ್ಲ. ಬೆಳಗಿನ ಬೋಣಿಯ ಹೊತ್ತಿನಲ್ಲೊಮ್ಮೆ, ಅಂಗಡಿ ಎತ್ತುವ ಹೊತ್ತಿನಲ್ಲೊಮ್ಮೆ ಅದೇ ಸಾಲಿನಲ್ಲಿ ನಿಂತು ಕೇಳಬೇಕಾಗುತ್ತದೆ. ಸಂಜೆ ಉಳಿದ ಸೊಪ್ಪಿಗೆ ಬೆಳಗಿನ ಬೆಲೆ ಇರುವುದಿಲ್ಲ. ಕೊಸರೂ ಆಗ ದೊಡ್ಡದಾಗಿರುತ್ತದೆ.