ಬರೆಯೋಕೆ ಯಂತ್ರ ಬಂತು, ತಿದ್ದೋರು ಯಾರು?

ಬೆಳಗಾದರೆ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಡೆ ಹೋಗುವ ಬಸ್ಸಿನಲ್ಲಿ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗ ಹುಡುಗಿಯರದೇ ಗುಂಪು. ಅವರ ಸಂಬಳದಿಂದಲೇ ಎಷ್ಟೋ ಮನೆಯ ಬಾಡಿಗೆ, ಮೆಸ್ಸಿನ ಊಟ, ಅಂಗಡಿಯ ವ್ಯಾಪಾರ ನಡೆಯೋದು. ಆದ್ದರಿಂದ ಅವರ ಕಸುಬಿಗೆ ಬಂದ ಹೊಸ ಯಂತ್ರದ ಸುದ್ದಿ ಬರೀ ಅವರದಲ್ಲ, ಊರಿನದೂ ಹೌದು.

ಕಂಪ್ಯೂಟರಿಗೆ ಬರೆದುಕೊಡುವ ಆಜ್ಞೆಗಳಿಗೆ ‘ಕೋಡ್’ ಅಂತಾರೆ. ಅದನ್ನು ಈಗ ಕೃತಕ ಬುದ್ಧಿಯೇ ಬರೆಯುತ್ತೆ. 2021ರಲ್ಲಿ ಗಿಟ್‌ಹಬ್ ಕೋಪೈಲಟ್ ಬಂತು, 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ. ‘ಅಂಗಡಿ ಬಿಲ್ಲಿನ ಪ್ರೋಗ್ರಾಂ ಬರಿ’ ಅಂದರೆ ಕಾಫಿ ಆರುವುದರೊಳಗೆ ಸಿದ್ಧ! ತಮ್ಮಲ್ಲಿ ಹೊಸ ಕೋಡಿನ ಕಾಲು ಭಾಗಕ್ಕೂ ಹೆಚ್ಚನ್ನು ಯಂತ್ರ ಬರೆಯುತ್ತೆ, ಎಂಜಿನಿಯರುಗಳು ನೋಡಿ ಒಪ್ಪುತ್ತಾರೆ ಎಂದು ಗೂಗಲ್ ಮುಖ್ಯಸ್ಥ ಸುಂದರ್ ಪಿಚೈ 2024ರಲ್ಲೇ ಹೇಳಿದ್ದರು.

ಹಾಗಾದರೆ ಹತ್ತು ದಿನದ ಕೆಲಸ ಎರಡೇ ದಿನಕ್ಕೆ ಮುಗಿಯಿತೇ? ತಕರಾರು ಇರೋದೇ ಇಲ್ಲಿ.

ಬರೆಯೋದು ಕೆಲಸದ ಒಂದು ಪಾಲು ಮಾತ್ರ. ಗಿರಾಕಿಗೆ ಏನು ಬೇಕೆಂದು ತಿಳಿಯಬೇಕು, ಹಳೇ ಕೋಡಿಗೆ ಹೊಂದಿಸಬೇಕು, ಪರೀಕ್ಷಿಸಬೇಕು. ಯಂತ್ರ ಬರೆದದ್ದು ನೋಡೋಕೆ ಸರಿಯಾಗೇ ಇರುತ್ತೆ. ಆದರೆ ವಾಪಸು ಬಂದ ಮಾಲಿನ ತೆರಿಗೆ ಕಳೆಯೋದನ್ನೇ ಅದು ಬಿಟ್ಟಿದ್ದರೆ? ಗೊತ್ತಾಗೋದು ತಿಂಗಳ ಕೊನೆಗೆ, ಲೆಕ್ಕ ತಾಳೆಯಾಗದೆ ಅಂಗಡಿಯವರು ತಲೆ ಚಚ್ಚಿಕೊಂಡಾಗ! ಅದಕ್ಕೇ ಸಾಲುಸಾಲು ಓದಿ ತಿದ್ದುವ ಹಿರಿಯರ ಮುಂದೆ ಈಗ ಕೋಡಿನ ರಾಶಿ.

2025ರಲ್ಲಿ ಅಮೆರಿಕದ ಮೆಟರ್ ಸಂಸ್ಥೆ 16 ಮಂದಿ ಅನುಭವಸ್ಥರಿಗೆ ಅವರೇ ಪಳಗಿದ ಪ್ರೋಗ್ರಾಂಗಳಲ್ಲಿ 246 ಕೆಲಸ ಕೊಟ್ಟು ನೋಡಿತು. ಯಂತ್ರದ ನೆರವಿದ್ದಾಗ ಹಿಡಿದ ಸಮಯ ಶೇ. 19 ಹೆಚ್ಚು! ಅವರ ನಂಬಿಕೆ ಮಾತ್ರ, ಶೇ. 20 ಉಳಿಯಿತು ಅಂತ. ಎಲ್ಲ ಕಡೆಯೂ ಹೀಗೇ ಅನ್ನಲಾಗದು. ಹೊಸ ಸಣ್ಣ ಕೆಲಸಗಳಲ್ಲಿ ಉಳಿತಾಯ ಇದ್ದೇ ಇದೆ. ಆದರೆ ಮಾಡಿದವರಿಗೇ ಅಂದಾಜು ಸಿಗದಿದ್ದರೆ, ಗಿರಾಕಿಗೆ ತಾರೀಕು ಕೊಡಬೇಕಾದ ಮ್ಯಾನೇಜರ ಪಾಡೇನು?

ತಡವಾದ ಕೆಲಸಕ್ಕೆ ಇನ್ನಷ್ಟು ಜನ ಸೇರಿಸಿದರೆ ಇನ್ನೂ ತಡವಾಗುತ್ತೆ ಎಂದು ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದರು. ಈಗ ಜನರ ಬದಲು ಯಂತ್ರ ಸೇರಿಸುವ ಅವಸರ. ತಾರೀಕು ಕೊಡುವಾಗ ಬರೆಯುವ ದಿನದ ಜೊತೆ ತಿದ್ದುವ ದಿನವನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ ಗಿರಾಕಿಯ ಬೈಗುಳ ತಪ್ಪದು.

ಇನ್ನೊಂದು ಮಾತು. ಹೊಸಬರು ಸಣ್ಣಪುಟ್ಟ ಕೋಡು ಬರೆದು, ತಪ್ಪು ಮಾಡಿ, ಬೈಸಿಕೊಂಡು ಕಲಿಯುತ್ತಿದ್ದರು. ಆ ಸಣ್ಣ ಕೆಲಸವೇ ಯಂತ್ರದ ಪಾಲಾಗುತ್ತಿದೆ. ಹೊಸಬರೇ ಬೇಡ ಅಂದರೆ, ಹತ್ತು ವರ್ಷ ಬಿಟ್ಟು ತಪ್ಪು ಹಿಡಿಯುವ ಹಿರಿಯರು ಎಲ್ಲಿಂದ ಬರಬೇಕು ಸ್ವಾಮಿ?

‘ಅವಸರವೇ ಅಪಘಾತಕ್ಕೆ ಕಾರಣ’ ಅನ್ನೋ ರಸ್ತೆ ಬದಿಯ ಬೋರ್ಡು ಬಸ್ಸಿನ ಡ್ರೈವರಿಗೆ ಮಾತ್ರ ಬರೆದದ್ದಲ್ಲ.